ಮೊದಲ ಸಂಕಲನದ ಅದ್ಭುತ ಕಥೆಗಳು: ಯಾವುದು ನಿಲ್ಲುತ್ತದೆ, ಯಾವುದು ಸೊರಗುತ್ತದೆ?

ಪ್ರಶ್ನೆ, ಮೂಡಿಗೆರೆಯಿಂದ: ವಿಜ್ಞಾನ ಮತ್ತು ಅದ್ಭುತ ಕಲ್ಪನೆಯ ಹನ್ನೊಂದು ಕಥೆಗಳಿರುವ ನನ್ನ ಮೊದಲ ಸಂಕಲನವನ್ನು ಅಚ್ಚಿಗೆ ಕೊಡಲಿದ್ದೇನೆ. ಇಂಥ ಪುಸ್ತಕದ ಬಲ ಯಾವುದು, ಕೊರತೆ ಎಲ್ಲಿ ನುಸುಳುತ್ತದೆ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಚಿಕ್ಕಮಗಳೂರಿನಿಂದ: ನನ್ನ ಮೊದಲ ಸಂಕಲನದಲ್ಲಿ, ಕಾಫಿ ಹೂವಿನ ಪರಿಮಳದೊಂದಿಗೆ ಸತ್ತವರ ದನಿ ಕೇಳಿಬರುವ ಕಥೆಯೊಂದಿದೆ. ಕಾಫಿ ಮೊಗ್ಗುಗಳನ್ನು ಅರಳಿಸುವ ಹೂಮಳೆ ಬಿದ್ದ ಮರುದಿನವೇ ತೋಟವೆಲ್ಲ ಬೆಳ್ಳಗಾಯಿತೆಂದು ಮೊದಲು ಬರೆದಿದ್ದೆ. ಹಸ್ತಪ್ರತಿ ಓದಿದ ನಮ್ಮ ತೋಟದ ಲೆಕ್ಕ ಬರೆಯುವ ರೈಟರು, ಸತ್ತವರು ಮಾತನಾಡಿದ್ದನ್ನು ಒಂದಿಷ್ಟೂ ಪ್ರಶ್ನಿಸದೆ, "ಮಳೆಯಾಗಿ ಎಂಟು ಹತ್ತು ದಿನ ಬೇಕಲ್ಲ ಸಾರ್, ಹೂವಾಗೋದಕ್ಕೆ?" ಎಂದರು. ಆ ದಿನಗಳನ್ನು ಕಥೆಯೊಳಕ್ಕೆ ತಂದಾಗ, ತೀರಿಕೊಂಡ ಗಂಡನ ದನಿಗಾಗಿ ಹೆಂಡತಿ ದಿನವೂ ಮೊಗ್ಗುಗಳನ್ನು ಮುಟ್ಟಿ ನೋಡುತ್ತ ಕಾಯುವ ಭಾಗ ತಾನಾಗಿ ಹುಟ್ಟಿತು. ಓದಿದವರು ಇಂದಿಗೂ ನೆನೆಯುವುದು ಅದನ್ನೇ. ಅಸಂಭವವಾದುದನ್ನು ಓದುಗರು ಒಪ್ಪುತ್ತಾರೆ, ಆದರೆ ಅದರ ಸುತ್ತಲಿನ ಮಳೆ, ಮಣ್ಣು, ಕೂಲಿಯ ಲೆಕ್ಕ ತಪ್ಪಬಾರದು. ಕೊರತೆಯೆಂದರೆ ಮುಕ್ತಾಯಗಳು. ಮೂರು ಕಥೆಗಳನ್ನು ಕನಸೆಂದು ಮುಗಿಸಿದ್ದೆ, ಇನ್ನೊಂದರಲ್ಲಿ ವೈದ್ಯರೊಬ್ಬರನ್ನು ಕರೆತಂದು ಎಲ್ಲವನ್ನೂ ವಿವರಿಸಿಬಿಟ್ಟಿದ್ದೆ. ಅರ್ಥವಾಗದೆ ಹೋದೀತೆಂಬ ಭಯದಿಂದ ಬರೆದ ಆ ಪುಟಗಳನ್ನು ಈಗ ಓದಲು ನನಗೆ ಸಂಕಟವಾಗುತ್ತದೆ.

ಹಾಸನದಿಂದ: ನಾನು ಬರೆಯುವವಳಲ್ಲ, ಓದುವವಳು. 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿರುವ ಊರು ನಮ್ಮದಾದ್ದರಿಂದ, ಇತ್ತೀಚೆಗೆ ಯುವಕರೊಬ್ಬರ ಮೊದಲ ಸಂಕಲನದಲ್ಲಿ ಉಪಗ್ರಹದ ಕಥೆ ಕಂಡಾಗ ಆಸೆಯಿಂದ ಓದಿದೆ. ಮೊದಲ ಎರಡು ಪುಟ ಬರಿಯ ಪಾಠವಾಗಿತ್ತು. ಆದರೆ ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಸಂಕೇತ ಹೋಗಿ ಮರಳಲು ಹಿಡಿಯುವ ಕಾಲು ಸೆಕೆಂಡಿನ ತಡವನ್ನು, ದೂರದ ಮಗನೊಡನೆ ಮಾತನಾಡುವ ತಾಯಿಯ ಹಿಂಜರಿಕೆಯೆಂದು ಮಗ ತಪ್ಪಾಗಿ ತಿಳಿಯುವ ಸನ್ನಿವೇಶವನ್ನು ಓದಿ ನನಗೆ ಕಣ್ಣೀರು ಬಂತು. ಪಾಠದಲ್ಲಿದ್ದ ಅಂಕಿಯೇ ಅಲ್ಲಿ ಸಂಕಟವಾಗಿತ್ತು. ಅದೇ ಪುಸ್ತಕದ ಉಳಿದ ಕಥೆಗಳಲ್ಲಿ, ಇನ್ನೂರು ವರ್ಷಗಳ ನಂತರದ ಲೋಕದಲ್ಲಿಯೂ ಹೆಂಗಸರು ತಿಂಡಿ ತಂದಿಡುವುದನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ. ಯಂತ್ರಗಳನ್ನು ಅಷ್ಟು ಶ್ರದ್ಧೆಯಿಂದ ಕಲ್ಪಿಸಿದವರು ಮನೆಯನ್ನು ಕಲ್ಪಿಸಲು ಮರೆತದ್ದು ನನಗೆ ನೋವಾಯಿತು. ಚಿಕ್ಕಮಗಳೂರಿನವರು ಮುಕ್ತಾಯದ ಬಗ್ಗೆ ಹೇಳಿದ್ದು ನಿಜ. ನಿಮ್ಮ ಹನ್ನೊಂದು ಕಥೆಗಳ ಕೊನೆಯ ಪುಟಗಳನ್ನಷ್ಟೇ ಒಂದೇ ಸಲಕ್ಕೆ ಕುಳಿತು ಓದಿ ನೋಡಿ, ಒಂದೇ ರೀತಿ ಮುಗಿಯುವವು ಎರಡಿದ್ದರೆ ಒಂದನ್ನು ಮುಂದಿನ ಪುಸ್ತಕಕ್ಕೆ ಇಟ್ಟುಕೊಳ್ಳಿ.