ಎಚ್‌ಸಿಐ ಸಂಶೋಧನೆಯನ್ನು ಉತ್ಪನ್ನ ಕಟ್ಟುವವರಿಗೆ ಉಪಯೋಗವಾಗುವಂತೆ ತಲುಪಿಸುವುದು ಹೇಗೆ?

ಪ್ರಶ್ನೆ

ನಾನು ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಬಳಕೆದಾರ ಸಂಶೋಧಕಿ. ಮಾನವ-ಕಂಪ್ಯೂಟರ್ ಸಂವಹನ, ಅಂದರೆ ನಾವೆಲ್ಲ ಎಚ್‌ಸಿಐ ಎಂದು ಕರೆಯುವ ಕ್ಷೇತ್ರದ ಪ್ರಬಂಧಗಳನ್ನು ಒಂದು ವರ್ಷದಿಂದ ತಪ್ಪದೆ ಓದುತ್ತಾ, ತಿಂಗಳಿಗೆ ಮೂರು ನಾಲ್ಕರ ಸಾರವನ್ನು ಎರಡೆರಡು ಪುಟಗಳಲ್ಲಿ ಬರೆದು ನಮ್ಮ ವಿನ್ಯಾಸಕರು, ಡೆವಲಪರ್‌ಗಳು ಮತ್ತು ಪ್ರಾಡಕ್ಟ್ ಮ್ಯಾನೇಜರ್‌ಗಳಿಗೆ ಕಳುಹಿಸುತ್ತಾ ಬಂದಿದ್ದೇನೆ. ಓದಿದವರು ಚೆನ್ನಾಗಿದೆ ಎನ್ನುತ್ತಾರೆ. ಆದರೆ ಆ ಬರಹಗಳಿಂದಾಗಿ ಒಂದು ಪರದೆಯಾದರೂ ಬದಲಾದದ್ದನ್ನು ನಾನು ಈವರೆಗೆ ಕಂಡಿಲ್ಲ. 'ಹಾಗಾದರೆ ಈಗ ನಾವು ಏನು ಮಾಡಬೇಕು?' ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಪ್ರಬಂಧದಲ್ಲಿಯೂ ಅದು ಇರುವುದಿಲ್ಲ.

ಇದಕ್ಕೆ ತೀರ ವಿರುದ್ಧವಾದ ಅನುಭವವೂ ಆಗಿದೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಹನ್ನೊಂದು ಆಯ್ಕೆಗಳಿದ್ದ ಮೆನುವನ್ನು ಏಳಕ್ಕೆ ಇಳಿಸಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ಮನುಷ್ಯನ ನೆನಪಿನಲ್ಲಿ ಏಳು, ಹೆಚ್ಚೆಂದರೆ ಒಂಬತ್ತು ಸಂಗತಿಗಳಷ್ಟೇ ನಿಲ್ಲುತ್ತವೆ ಎಂಬುದು ಅದಕ್ಕೆ ಕೊಟ್ಟ ಆಧಾರ. ಉಳಿದ ನಾಲ್ಕನ್ನು 'ಇನ್ನಷ್ಟು' ಎಂಬ ಬಟನ್‌ನ ಹಿಂದೆ ಇಟ್ಟೆವು. ಜನರು ದಿನವೂ ಬಳಸುತ್ತಿದ್ದ 'ರಸೀದಿ ಡೌನ್‌ಲೋಡ್' ಕೂಡ ಅದರಲ್ಲಿ ಸೇರಿಹೋಯಿತು. ಮುಂದಿನ ವಾರದಿಂದಲೇ ರಸೀದಿ ಎಲ್ಲಿ ಹೋಯಿತು ಎಂದು ಕೇಳುವ ಕರೆಗಳು ಬರತೊಡಗಿದವು. ಆ ಏಳರ ಮಾತಿಗೆ ಮೂಲವಾದ ಪ್ರಬಂಧದಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಚರ್ಚಿಸಿದ್ದು ಆಗಷ್ಟೇ ಕೇಳಿದ್ದನ್ನು ನೆನಪಿನಿಂದ ಮರಳಿ ಒಪ್ಪಿಸುವಂಥ ಮಿತಿಗಳನ್ನು. ಕಣ್ಣೆದುರಿಗೇ ಇರುವ ಮೆನುವನ್ನು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಇದನ್ನು ನಾನು ಆಮೇಲೆ ಮೂಲವನ್ನು ಓದಿ ತಿಳಿದೆ. ಆ ಸಭೆಯಲ್ಲಿ ನಾನೂ ಒಪ್ಪಿ ತಲೆಯಾಡಿಸಿದ್ದೆ ಎಂಬುದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಸಂಶೋಧನೆಯನ್ನು ಯಾವ ರೂಪದಲ್ಲಿ ಕೊಟ್ಟರೆ ಅದು ಬಳಕೆಗೆ ಬರುತ್ತದೆ, ಮತ್ತು ಎಷ್ಟರ ಮಟ್ಟಿಗೆ ಸರಳಗೊಳಿಸಿದರೆ ಅದು ಸುಳ್ಳಾಗುವುದಿಲ್ಲ? ಈ ಕೆಲಸವನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಉದ್ಯಮದಲ್ಲಿ ಬಳಕೆದಾರ ಸಂಶೋಧನೆ ನಡೆಸುವವರು

ನೀವು ಪ್ರಬಂಧದಿಂದ ಹೊರಟು ನಿರ್ಧಾರವನ್ನು ಹುಡುಕುತ್ತಿದ್ದೀರಿ ಎಂದು ನನಗೆ ತೋರುತ್ತದೆ. ನಾನು ಹಲವು ವರ್ಷ ಅದನ್ನೇ ಮಾಡಿ, ಕೊನೆಗೆ ದಾರಿಯನ್ನು ತಿರುಗಿಸಿಕೊಂಡೆ. ಈಗ ಮೊದಲು ತಂಡದ ಮುಂದಿನ ಎರಡು ಮೂರು ವಾರಗಳ ಕೆಲಸದ ಪಟ್ಟಿಯನ್ನು ನೋಡುತ್ತೇನೆ; ಅದರಲ್ಲಿ ಇನ್ನೂ ತೀರ್ಮಾನವಾಗದ, ತಪ್ಪಾದರೆ ದುಬಾರಿಯಾಗುವ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಅದಕ್ಕೆ ಬೆಳಕು ಚೆಲ್ಲಬಲ್ಲ ಸಂಶೋಧನೆಯನ್ನು ಮಾತ್ರ ಓದುತ್ತೇನೆ. ತಿಂಗಳಿಗೆ ಒಂದು ಟಿಪ್ಪಣಿ ಬರೆದರೂ ಅದು ಸಭೆಯಲ್ಲಿ ಚರ್ಚೆಗೆ ಬರುತ್ತದೆ.

ಉದ್ಯಮವನ್ನು ನಿಜವಾಗಿ ಮುಟ್ಟಿದ ಹಳೆಯ ಸಂಶೋಧನೆಗಳಲ್ಲಿಯೂ ಇದೇ ಲಕ್ಷಣ ಕಾಣುತ್ತದೆ. ಸ್ಟುವರ್ಟ್ ಕಾರ್ಡ್, ವಿಲಿಯಂ ಇಂಗ್ಲಿಷ್ ಮತ್ತು ಬೆಟ್ಟಿ ಬರ್ 1978ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಪರದೆಯ ಮೇಲಿನ ಪಠ್ಯವನ್ನು ಆರಿಸಲು ಮೌಸ್, ಜಾಯ್‌ಸ್ಟಿಕ್ ಮತ್ತು ಎರಡು ಬಗೆಯ ಕೀಲಿಗಳಲ್ಲಿ ಯಾವುದು ಮೇಲು ಎಂಬುದು ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನ ಎದುರಿಗಿದ್ದ ನಿಜವಾದ ಪ್ರಶ್ನೆ. ಅವರು ವೇಗವನ್ನೂ ತಪ್ಪುಗಳನ್ನೂ ಅಳೆದು ಮೌಸ್ ಮುಂದಿದೆ ಎಂದು ತೋರಿಸಿದ್ದಷ್ಟೇ ಆಗಿದ್ದರೆ ಅದು ಒಂದು ಪಂದ್ಯದ ಫಲಿತಾಂಶವಾಗುತ್ತಿತ್ತು. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ತಲುಪಲು ಹೆಚ್ಚು ಸಮಯ ಬೇಕು ಎಂಬ, 1954ರಲ್ಲಿ ಪಾಲ್ ಫಿಟ್ಸ್ ಕಂಡುಕೊಂಡ ಸೂತ್ರವನ್ನು ಮೌಸ್ ಅನುಸರಿಸುತ್ತದೆ, ಅದರ ವೇಗದ ಮಿತಿ ಬರಿಗೈಯ ಮಿತಿಗೆ ಹತ್ತಿರದಲ್ಲಿದೆ ಎಂಬುದನ್ನೂ ಅವರು ತೋರಿಸಿದರು. ಇದಕ್ಕಿಂತ ಬಹಳ ವೇಗದ ಸಾಧನವನ್ನು ಹುಡುಕುತ್ತಾ ಕಾಯುವ ಅಗತ್ಯವಿಲ್ಲ ಎಂಬ ಭರವಸೆ ಅದರಲ್ಲಿತ್ತು. 1981ರಲ್ಲಿ ಮಾರುಕಟ್ಟೆಗೆ ಬಂದ ಝೆರಾಕ್ಸ್ ಸ್ಟಾರ್ ಗಣಕವು ಮೌಸ್‌ನೊಂದಿಗೇ ಬಂದಿತು.

ನನಗೆ ಇನ್ನೂ ಪ್ರಿಯವಾದ ಉದಾಹರಣೆ 1993ರಲ್ಲಿ ವೇಯ್ನ್ ಗ್ರೇ, ಬಾನಿ ಜಾನ್ ಮತ್ತು ಮೈಕೆಲ್ ಆಟ್‌ವುಡ್ ಪ್ರಕಟಿಸಿದ ಕೆಲಸ. ನೈನೆಕ್ಸ್ ಎಂಬ ದೂರವಾಣಿ ಸಂಸ್ಥೆ ತನ್ನ ಆಪರೇಟರ್‌ಗಳಿಗೆ ಹೊಸ ಗಣಕಗಳನ್ನು ಕೊಳ್ಳುವ ಯೋಚನೆಯಲ್ಲಿತ್ತು. ಹೊಸದು ವೇಗವಾಗಿರುತ್ತದೆ ಎಂದೇ ಎಲ್ಲರ ನಿರೀಕ್ಷೆ. ಕೆಲಸದ ಪ್ರತಿಯೊಂದು ಸಣ್ಣ ಹೆಜ್ಜೆಯನ್ನೂ ಲೆಕ್ಕ ಹಾಕುವ ಗೋಮ್ಸ್ ವಿಧಾನದಿಂದ ಸಂಶೋಧಕರು ನೋಡಿದಾಗ, ಹೊಸ ಗಣಕದಲ್ಲಿ ಪ್ರತಿ ಕರೆಗೂ ಸುಮಾರು 3 ಪ್ರತಿಶತ ಹೆಚ್ಚು ಸಮಯ ಹಿಡಿಯುತ್ತದೆ ಎಂಬ ಉತ್ತರ ಬಂತು, ಮತ್ತು ನಿಜವಾದ ಕರೆಗಳೊಡನೆ ನಡೆಸಿದ ಪರೀಕ್ಷೆಯೂ ಹೊಸದು ನಿಧಾನವೆಂದೇ ಹೇಳಿತು. ಕಾರಣವನ್ನು ಗಮನಿಸಿ: ಹೊಸ ವಿನ್ಯಾಸವು ಕರೆಯ ಆರಂಭದಲ್ಲಿ, ಆಪರೇಟರ್ ಹೇಗಿದ್ದರೂ ಕಾಯುತ್ತಿದ್ದ ಹೊತ್ತಿನ ಕೀಲಿ ಒತ್ತುವಿಕೆಯನ್ನು ಉಳಿಸಿ, ಕರೆಯ ಕೊನೆಯಲ್ಲಿ, ಕಾಯಲು ಬಿಡುವೇ ಇಲ್ಲದ ಕಡೆ, ಇನ್ನೊಂದನ್ನು ಸೇರಿಸಿತ್ತು. ಸಂಸ್ಥೆ ಅದನ್ನು ಕೊಳ್ಳಲಿಲ್ಲ. ಬರೀ '3 ಪ್ರತಿಶತ ನಿಧಾನ' ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲವೇನೋ. ಆ ಕಾರಣವೇ ಅಂಕಿಯನ್ನು ನಂಬುವಂತೆ ಮಾಡುತ್ತದೆ.

ಆದ್ದರಿಂದ ನನ್ನ ಟಿಪ್ಪಣಿ ಅರ್ಧ ಪುಟ ದಾಟುವುದಿಲ್ಲ. ಮೊದಲ ಸಾಲಿನಲ್ಲಿ ತಂಡದ ಮುಂದಿರುವ ನಿರ್ಧಾರ, ಅದರ ಕೆಳಗೆ ಸಂಶೋಧನೆ ಏನು ಕಂಡಿತು ಮತ್ತು ಏಕೆ ಹಾಗಾಗುತ್ತದೆ ಎಂಬುದು, ಕೊನೆಯಲ್ಲಿ ನಮ್ಮಲ್ಲಿಯೇ ಎರಡು ದಿನದಲ್ಲಿ ಅದನ್ನು ಪರೀಕ್ಷಿಸಿ ನೋಡುವ ಬಗೆ. ಡೊನಾಲ್ಡ್ ನಾರ್ಮನ್ 2010ರಲ್ಲಿ, ಸಂಶೋಧನೆಗೂ ವೃತ್ತಿಗೂ ನಡುವೆ ನಿಂತು ಎರಡೂ ಕಡೆಯ ಭಾಷೆ ಬಲ್ಲವರ ಪ್ರತ್ಯೇಕ ಕಸುಬೇ ಬೇಕೆಂದು ವಾದಿಸಿದ್ದರು. ನೀವು ಮಾಡುತ್ತಿರುವುದು ಆ ಕಸುಬನ್ನೇ, ದಯವಿಟ್ಟು ಬಿಡಬೇಡಿ.

ಉತ್ತರ 2: ವಿಶ್ವವಿದ್ಯಾಲಯದಲ್ಲಿ ಎಚ್‌ಸಿಐ ಕಲಿಸುವವರು

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ, ಆದರೆ ಅದರ ಟಿಪ್ಪಣಿಯಲ್ಲಿ ಒಂದು ಸಾಲು ಕಡಿಮೆಯಿದೆ: ಈ ಫಲಿತಾಂಶ ಯಾರಿಂದ, ಯಾವ ಸ್ಥಿತಿಯಲ್ಲಿ ಬಂದದ್ದು? ಪ್ರಶ್ನೆ ಕೇಳಿದವರ ಮೆನುವಿನ ಕಥೆಯಲ್ಲಿ ಕಳೆದುಹೋದದ್ದು ಆ ಸಾಲೇ. ಏಳು ಎಂಬ ಅಂಕಿ ಊರೂರು ಸುತ್ತಿತು, ಅದು ಹುಟ್ಟಿದ ಪ್ರಯೋಗ ಮನೆಯಲ್ಲಿಯೇ ಉಳಿಯಿತು.

ನಿಮ್ಮ ತಂಡದಲ್ಲಿ ಇಂದೂ ಓಡಾಡುತ್ತಿರಬಹುದಾದ ಇನ್ನೊಂದು ಅಂಕಿಯನ್ನು ತೆಗೆದುಕೊಳ್ಳೋಣ. ಬಳಕೆಯ ಪರೀಕ್ಷೆಗೆ ಐದು ಮಂದಿ ಸಾಕು ಎಂಬ ಮಾತಿನ ಹಿಂದೆ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಕೊಟ್ಟ ಲೆಕ್ಕವಿದೆ. ಒಬ್ಬ ಬಳಕೆದಾರ ಸರಾಸರಿ 31 ಪ್ರತಿಶತ ತೊಡಕುಗಳನ್ನು ಹೊರಗೆಡಹುತ್ತಾನೆ ಎಂದಿಟ್ಟುಕೊಂಡರೆ, ಐವರಿಂದ ಸುಮಾರು 85 ಪ್ರತಿಶತ ಹೊರಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 2003ರಲ್ಲಿ ಲಾರಾ ಫಾಕ್ನರ್ 60 ಮಂದಿಯನ್ನು ಪರೀಕ್ಷಿಸಿ, ಅವರೊಳಗಿಂದ ಐದೈದು ಮಂದಿಯ ಗುಂಪುಗಳನ್ನು ಯಾದೃಚ್ಛಿಕವಾಗಿ ಮತ್ತೆ ಮತ್ತೆ ಆರಿಸಿ ನೋಡಿದಾಗ, ಕೆಲವು ಗುಂಪುಗಳಿಗೆ 99 ಪ್ರತಿಶತ ತೊಡಕುಗಳು ಸಿಕ್ಕವು, ಕೆಲವಕ್ಕೆ 55 ಪ್ರತಿಶತ ಮಾತ್ರ. ಹತ್ತು ಮಂದಿಯಾದಾಗ ಅತಿ ದುರ್ಬಲ ಗುಂಪಿಗೂ 80 ಪ್ರತಿಶತ ಸಿಕ್ಕಿತು. ನೀವು ಪರೀಕ್ಷೆಗೆ ಕರೆದ ಆ ಐವರು ಯಾವ ಗುಂಪಿನವರು ಎಂಬುದು ನಿಮಗೆ ಮೊದಲೇ ತಿಳಿಯುವುದಿಲ್ಲ. ಪರದೆಯನ್ನು ತಿದ್ದಿ ತಿದ್ದಿ ಪರೀಕ್ಷಿಸುವ ತಂಡಕ್ಕೆ ಐದು ಮಂದಿ ನಿಜಕ್ಕೂ ಒಳ್ಳೆಯ ಆರಂಭ. ಒಂದೇ ಸಲ ಪರೀಕ್ಷಿಸಿ ಬಿಡುಗಡೆ ಮಾಡುವವರಿಗೆ ಅದೇ ಐದು ಅಪಾಯಕಾರಿ. ಅಂಕಿ ಒಂದೇ, ಸಲಹೆ ಬೇರೆ ಬೇರೆ.

ಪ್ರಬಂಧವನ್ನು ಓದುವಾಗ ಕೊನೆಯ 'ವಿನ್ಯಾಸಕ್ಕೆ ಸೂಚನೆಗಳು' ಎಂಬ ಭಾಗಕ್ಕೆ ನೇರವಾಗಿ ಹಾರಬೇಡಿ. ನಾನೂ ಅಂಥ ಭಾಗಗಳನ್ನು ಬರೆದಿದ್ದೇನೆ. ಬಹಳ ಸಲ ಅದು ಇಡೀ ಪ್ರಬಂಧದ ಅತ್ಯಂತ ತೆಳುವಾದ ಭಾಗ. ಮೊದಲು ವಿಧಾನದ ಭಾಗವನ್ನು ಓದಿ. ಕೈ, ಕಣ್ಣು ಮತ್ತು ಸಮಯಕ್ಕೆ ಸಂಬಂಧಿಸಿದ ಫಲಿತಾಂಶಗಳು ಸಾಮಾನ್ಯವಾಗಿ ದೂರ ಪ್ರಯಾಣ ಮಾಡುತ್ತವೆ. ಜನರಿಗೆ ಏನು ಇಷ್ಟ, ಯಾವುದನ್ನು ನಂಬುತ್ತಾರೆ ಎಂಬ ಫಲಿತಾಂಶಗಳನ್ನು ಒಂದು ಸಮುದಾಯದಿಂದ ಇನ್ನೊಂದಕ್ಕೆ ಒಯ್ಯುವಾಗ ಬಹಳ ಎಚ್ಚರ ಬೇಕು.

ಒಂದು ಭಿನ್ನಾಭಿಪ್ರಾಯವೂ ಇದೆ. ಮುಂದಿನ ಮೂರು ವಾರದ ನಿರ್ಧಾರಕ್ಕೆ ಬೇಕಾದದ್ದನ್ನು ಮಾತ್ರ ಓದಿದರೆ, ಪ್ರಶ್ನೆಯನ್ನೇ ಬದಲಿಸುವಂಥ ಸಂಶೋಧನೆ ಕೈತಪ್ಪುತ್ತದೆ. ಆನ್ ಆಡಮ್ಸ್ ಮತ್ತು ಆಂಜೆಲಾ ಸಾಸೆ 1999ರಲ್ಲಿ, ಪದೇ ಪದೇ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಿದರೆ ಜನ ಅದನ್ನು ಬರೆದಿಟ್ಟುಕೊಳ್ಳುತ್ತಾರೆ, ಒಂದಕ್ಕೊಂದು ಹೋಲುವ ಪಾಸ್‌ವರ್ಡ್‌ಗಳನ್ನು ಕಟ್ಟಿಕೊಳ್ಳುತ್ತಾರೆ, ದೋಷ ಬಳಕೆದಾರರದ್ದಲ್ಲ, ವ್ಯವಸ್ಥೆಯದ್ದು ಎಂದು ತೋರಿಸಿದರು. ಆಗ ಯಾವ ತಂಡದ ಕೆಲಸದ ಪಟ್ಟಿಯಲ್ಲಿಯೂ ಆ ಪ್ರಶ್ನೆ ಇದ್ದಿರಲಾರದು. ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯು, ಪಾಸ್‌ವರ್ಡ್ ಸೋರಿಕೆಯಾದ ಸುಳಿವಿಲ್ಲದಿದ್ದರೆ ನಿಗದಿತ ಅವಧಿಗೊಮ್ಮೆ ಬದಲಿಸುವಂತೆ ಒತ್ತಾಯಿಸಬಾರದು ಎಂದು ತನ್ನ ಮಾರ್ಗಸೂಚಿಯಲ್ಲಿ ಬರೆದದ್ದು 2017ರಲ್ಲಿ. ನಡುವಿನ 18 ವರ್ಷ ಎಷ್ಟು ಜನ ಸುಮ್ಮನೆ ಕಷ್ಟಪಟ್ಟರು ಎಂದು ಯೋಚಿಸಿದರೆ ನನಗೆ ಬೇಸರವಾಗುತ್ತದೆ. ನಿಮ್ಮ ತಿಂಗಳ ಓದಿನಲ್ಲಿ ಒಂದು ಪ್ರಬಂಧವಾದರೂ ಯಾವ ನಿರ್ಧಾರಕ್ಕೂ ಕಟ್ಟುಬೀಳದೆ ಇರಲಿ.

ಉತ್ತರ 3: ಡೆವಲಪರ್

ಟಿಪ್ಪಣಿಯನ್ನು ಎಲ್ಲಿ ಇಡುತ್ತೀರಿ ಎಂಬುದರ ಬಗ್ಗೆ ಮಾತ್ರ ಹೇಳುತ್ತೇನೆ. ಇಮೇಲ್‌ನಲ್ಲಿ ಬಂದ ಎರಡು ಪುಟ ನನಗೆ ಬೇಕಾದ ದಿನ ಸಿಗುವುದಿಲ್ಲ. ಕೋಡ್‌ನಲ್ಲಿ ಇದ್ದರೆ ಸಿಗುತ್ತದೆ.

ನಮ್ಮ ಬಟನ್ ಕಾಂಪೊನೆಂಟ್‌ಗೆ ಒಂದು ಕನಿಷ್ಠ ಅಳತೆ ನಿಗದಿಯಾಗಿದೆ. ಆ ಅಂಕಿಯ ಪಕ್ಕದಲ್ಲಿಯೇ ನಮ್ಮ ಸಂಶೋಧಕರು ಬರೆಸಿದ ಕಾಮೆಂಟ್ ಇದೆ: 'ಹೆಬ್ಬೆರಳಿನ ಗುರಿಗೆ ಸುಮಾರು 9.2 ಮಿಲಿಮೀಟರ್ ಬೇಕೆಂದು 2006ರ ಅಧ್ಯಯನ ಹೇಳುತ್ತದೆ. ಅದು ಸಾಧನವನ್ನು ಒಂದೇ ಕೈಯಲ್ಲಿ ಹಿಡಿದು ಬಳಸುವ ಸ್ಥಿತಿಗೆ ಸೇರಿದ್ದು. ಮೌಸ್ ಬಳಸುವ ಪರದೆಗೆ ಇದು ಅನ್ವಯಿಸದು.' ಒಮ್ಮೆ ಹೊಸಬರೊಬ್ಬರು ಜಾಗ ಸಾಲದೆಂದು ಆ ಅಂಕಿಯನ್ನು ಇಳಿಸಲು ಹೊರಟು, ಕಾಮೆಂಟ್ ಓದಿ, ಮೊಬೈಲ್‌ಗೆ ಹಾಗೆಯೇ ಬಿಟ್ಟು ಮೌಸ್ ಬಳಸುವ ದೊಡ್ಡ ಪರದೆಗೆ ಮಾತ್ರ ಇಳಿಸಿದರು. ಅವರು ಪ್ರಬಂಧವನ್ನು ಓದಿರಲಿಲ್ಲ, ಸಂಶೋಧಕರನ್ನು ಕೇಳಿರಲೂ ಇಲ್ಲ. ಅಂಗವಿಕಲರೂ ಸೇರಿ ಎಲ್ಲರೂ ವೆಬ್ ಬಳಸುವಂತಾಗಲು ರೂಪಿಸಿದ 2023ರ ಡಬ್ಲ್ಯುಸಿಎಜಿ 2.2 ಮಾನದಂಡ ಕೇಳುವ 24 ಪಿಕ್ಸೆಲ್‌ಗಿಂತ ಯಾವ ಬಟನ್ ಚಿಕ್ಕದಾದರೂ ನಮ್ಮ ಪರೀಕ್ಷಾ ಸ್ಕ್ರಿಪ್ಟ್ ತಡೆಯುತ್ತದೆ. ಅದನ್ನು ನೆನಪಿಡುವ ಹೊರೆಯನ್ನು ಯಾರ ಮೇಲೂ ಹೊರಿಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಮ್ಮಲ್ಲಿ ಮುಂದಿನ ತಿಂಗಳು ಹೊಸ ನೋಂದಣಿ ಅರ್ಜಿಯೊಂದು ಬಿಡುಗಡೆಯಾಗಲಿದೆ, ಮತ್ತು ಐದು ಮಂದಿಯ ಪರೀಕ್ಷೆ ಸಾಕೆಂದು ಈಗಾಗಲೇ ಮಾತಾಗಿದೆ. ನಿಮ್ಮ ಮಾತುಗಳನ್ನು ಇಟ್ಟುಕೊಂಡು ಟಿಪ್ಪಣಿಯನ್ನು ಹೀಗೆ ಬರೆದಿದ್ದೇನೆ.

'ನಿರ್ಧಾರ: ಅರ್ಜಿಯನ್ನು ಐದು ಮಂದಿಯ ಮೇಲೆ ಒಮ್ಮೆ ಪರೀಕ್ಷಿಸಿ ಬಿಡುಗಡೆ ಮಾಡಬಹುದೇ? ಕಂಡದ್ದು: ಐವರಿಂದ ಸರಾಸರಿ 85 ಪ್ರತಿಶತ ತೊಡಕು ಸಿಗುತ್ತದೆ, ಆದರೆ ಗುಂಪಿನಿಂದ ಗುಂಪಿಗೆ ಅದು 55ರಿಂದ 99ರವರೆಗೆ ಏರಿಳಿಯುತ್ತದೆ. ಕಾರಣ: ಬಳಕೆದಾರರು ಒಂದೇ ಬಗೆಯವರಲ್ಲ, ಒಬ್ಬರು ಎಡವುವ ಕಡೆ ಇನ್ನೊಬ್ಬರು ಎಡವುವುದಿಲ್ಲ. ನಮ್ಮ ಸ್ಥಿತಿ: ಕೆಲವರು ಮೊಬೈಲ್‌ನಲ್ಲಿ ತಮ್ಮದೇ ಅರ್ಜಿ ತುಂಬುತ್ತಾರೆ, ಕೆಲವರು ಕಚೇರಿಯ ಗಣಕದಲ್ಲಿ ಬೇರೆಯವರ ಪರವಾಗಿ ತುಂಬುತ್ತಾರೆ. ಸಲಹೆ: ಮೊದಲ ಬಗೆಯ ಐವರನ್ನು ಪರೀಕ್ಷಿಸಿ, ತಿದ್ದಿ, ಎರಡನೆಯ ಬಗೆಯ ಐವರನ್ನು ಪರೀಕ್ಷಿಸುವುದು. ಎರಡನೆಯ ಸುತ್ತಿನಲ್ಲಿ ಯಾರಾದರೂ ಅರ್ಜಿಯನ್ನು ಮುಗಿಸಲಾಗದಂಥ ಹೊಸ ತೊಡಕು ಕಂಡುಬಂದರೆ ಬಿಡುಗಡೆಯನ್ನು ಒಂದು ವಾರ ಮುಂದೂಡುವುದು.'

ಇದರಲ್ಲಿ ತಪ್ಪಿದ್ದರೆ ತಿಳಿಸಿ.

ಉತ್ತರ 2ನ್ನು ಬರೆದವರು

ಎರಡು ತಿದ್ದುಪಡಿ. 85 ಮತ್ತು 55ರಿಂದ 99 ಎಂಬ ಅಂಕಿಗಳು ಬೇರೆ ಬೇರೆ ಅಧ್ಯಯನಗಳವು. ನಿಮ್ಮ ವಾಕ್ಯದಲ್ಲಿ ಅವು ಒಂದೇ ಪ್ರಯೋಗದಿಂದ ಬಂದಂತೆ ಓದಿಸುತ್ತವೆ, ಆದ್ದರಿಂದ ಇಸವಿಗಳನ್ನು ಹಾಕಿ ಬೇರ್ಪಡಿಸಿ. ಇನ್ನೊಂದು, ಎರಡೂ ಬಗೆಯವರಿಂದ ಒಂದೊಂದು ಸುತ್ತು ಮಾತ್ರ ನಡೆದರೆ, ಮೊದಲ ಸುತ್ತಿನ ತಿದ್ದುಪಡಿ ಮೊಬೈಲ್‌ನವರಿಗೆ ನಿಜವಾಗಿ ನೆರವಾಯಿತೇ ಎಂದು ಯಾರೂ ನೋಡಿದಂತಾಗುವುದಿಲ್ಲ. ಪ್ರತಿ ಸುತ್ತಿನಲ್ಲಿಯೂ ಎರಡೂ ಬಗೆಯವರು ಇರಲಿ, ಮೊದಲು ಮೂವರು ಮೊಬೈಲ್‌ನವರು ಮತ್ತು ಇಬ್ಬರು ಕಚೇರಿಯವರು, ಆಮೇಲೆ ಅದಲುಬದಲು.

ಪ್ರಶ್ನೆ ಕೇಳಿದವರು

ತಿದ್ದಿದ್ದೇನೆ. ಈ ಬಾರಿ ಇಮೇಲ್ ಮಾಡದೆ, ತಂಡದ ಕೆಲಸದ ಪಟ್ಟಿಯಲ್ಲಿ ಪರೀಕ್ಷೆಗೆಂದು ಇರುವ ಟಿಕೆಟ್‌ನ ಒಳಗೇ ಮೊದಲ ಸಾಲಾಗಿ ಹಾಕುತ್ತಿದ್ದೇನೆ. ಎರಡನೆಯ ಸುತ್ತು ಮುಗಿದ ಮೇಲೆ ಏನು ಕಂಡಿತೆಂದು ಇಲ್ಲಿಯೇ ಬರೆಯುತ್ತೇನೆ.