50 ಮೀ. ಓಟದ ಸಮಯ, ಒಂದೇ ಮೊಬೈಲ್‌ನಿಂದ: ಯಾರಾದರೂ ಸರಿಯಾದ ದಾರಿ ಹೇಳಿ

ಪಿಟಿ_ಮೇಷ್ಟ್ರು:
ಪ್ರೌಢಶಾಲೆ, ತರಗತಿಗೆ 45 ಮಕ್ಕಳು, 40 ನಿಮಿಷದ ಪೀರಿಯಡ್. ಇರೋದು ಒಂದು ಆಂಡ್ರಾಯ್ಡ್ ಫೋನ್, ಒಂದು ಸ್ಟ್ಯಾಂಡ್, ಲ್ಯಾಬಿನಲ್ಲೊಂದು ಪಿಸಿ. ಮೈದಾನದಲ್ಲಿ ನೆಟ್‌ವರ್ಕ್ ಇಲ್ಲ. ಫಿಟ್ ಇಂಡಿಯಾ ಪರೀಕ್ಷೆಗೆ 50 ಮೀ. ಓಟದ ಸಮಯ ಬೇಕು. ಇಬ್ಬರು ಸ್ಟಾಪ್‌ವಾಚ್ ಹಿಡಿದರೆ ಒಂದೇ ಓಟಕ್ಕೆ 0.3 ಸೆಕೆಂಡ್ ವ್ಯತ್ಯಾಸ ಬರುತ್ತೆ. ವಿಡಿಯೊದಿಂದ ತೆಗೆಯಬಹುದಾ? ಸ್ಲೋ ಮೋಷನ್ ಇಡಬೇಕಾ? ನಿಂತಲ್ಲೇ ಮೇಲಕ್ಕೆ ಹಾರುವ ಎತ್ತರವನ್ನೂ ಫೋನಲ್ಲೇ ಅಳೀಬಹುದು ಅಂತಾರೆ, ನಿಜವಾ?

ಟ್ರ್ಯಾಕ್_ಬದಿ:
ಓಟಕ್ಕೆ ಸ್ಲೋ ಮೋಷನ್ ಬೇಡ ಸರ್. ಎಷ್ಟೋ ಫೋನ್‌ಗಳಲ್ಲಿ ಸದ್ದು ಹೋಗಿಬಿಡುತ್ತೆ, ಇಲ್ಲವೇ ಎಳೆದ ಹಾಗಾಗುತ್ತೆ. ಇಲ್ಲಿ ನಮಗೆ ಸದ್ದೇ ಆಧಾರ. ಮಾಮೂಲಿ ವಿಡಿಯೊ, ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಸಾಕು.

ಫೋನನ್ನು ಮುಕ್ತಾಯದ ಗೆರೆಯ ನೇರಕ್ಕೆ, ಟ್ರ್ಯಾಕಿನಿಂದ 4–5 ಮೀ. ಆಚೆ ನಿಲ್ಲಿಸಿ. ಗೆರೆಯ ಎರಡೂ ತುದಿಗೆ ಕೋಲು ನೆಟ್ಟು, ಹತ್ತಿರದ ಕೋಲು ದೂರದ್ದನ್ನು ಪೂರ್ತಿ ಮುಚ್ಚುವ ತನಕ ಫೋನ್ ಸರಿಸಿ. ಸ್ವಲ್ಪ ಓರೆಯಾದರೂ ಒಂದೊಂದು ಲೇನಿಗೆ ಒಂದೊಂದು ಗೆರೆ ಆಗಿಬಿಡುತ್ತೆ.

ಓಟ ಶುರುಮಾಡೋ ಕ್ಲ್ಯಾಪರ್ (ಒಂದಕ್ಕೊಂದು ಬಡಿದು ಸದ್ದು ಮಾಡೋ ಹಲಗೆ ಜೋಡಿ) ಹೊಡೆಯೋ ಮೊದಲೇ ರೆಕಾರ್ಡಿಂಗ್ ಶುರುವಾಗಿರಲಿ. ಆಮೇಲೆ ಪಿಸಿಯಲ್ಲಿ ಶಾಟ್‌ಕಟ್‌ನಂಥ ಉಚಿತ ಎಡಿಟರಿಗೆ ಹಾಕಿದರೆ ಸದ್ದಿನ ಅಲೆ ಕಾಣುತ್ತೆ. ಅಲೆ ಚಿಮ್ಮಿದ ಜಾಗದಿಂದ ಎದೆ ಗೆರೆ ಮುಟ್ಟಿದ ಫ್ರೇಮಿನವರೆಗೆ ಎಣಿಸಿ. ತಲೆ, ಕೈ ಲೆಕ್ಕಕ್ಕಿಲ್ಲ. ಬಂದ ಸಮಯಕ್ಕೆ 0.14 ಸೆಕೆಂಡ್ ಕೂಡಿಸಿ, ಸದ್ದು 50 ಮೀ. ದಾಟಿ ಬರೋಕೆ ಅಷ್ಟು ಹಿಡಿಯುತ್ತೆ. ನಿಮ್ಮ ಸ್ಟಾಪ್‌ವಾಚ್ ಜಗಳದ ಒಂದು ಕಾರಣವೂ ಇದೇ ಇರಬಹುದು: ಒಬ್ಬರು ಸದ್ದು ಕೇಳಿ ಒತ್ತುತ್ತಾರೆ, ಇನ್ನೊಬ್ಬರು ಕ್ಲ್ಯಾಪರ್ ಮುಚ್ಚಿದ್ದನ್ನು ನೋಡಿ ಒತ್ತುತ್ತಾರೆ.

ಎಲ್ಲರೂ ಎಡವೋ ಜಾಗ: ಎಡಿಟರ್ ತೋರಿಸೋ ಸಮಯದ ಕೊನೆಯ ಎರಡು ಅಂಕಿ ಫ್ರೇಮ್, ಸೆಕೆಂಡಿನ ಭಾಗ ಅಲ್ಲ. 08:30 ಅಂದರೆ 8.30 ಅಲ್ಲ, 8.50 ಸೆಕೆಂಡ್. ಫ್ರೇಮ್ ದರ ಏರುಪೇರಾಗಿದೆ ಅಂತ ಎಡಿಟರ್ ಕೇಳಿದರೆ ಪರಿವರ್ತಿಸೋಕೆ ಒಪ್ಪಿಕೊಳ್ಳಿ. ಬೆಳಕು ಕಮ್ಮಿಯಾದಾಗ ಫೋನು ತಾನಾಗಿಯೇ ದರ ಇಳಿಸಿರುತ್ತೆ.

ಫ್ರೇಮ್_ಲೆಕ್ಕ:
ಹಾರುವುದಕ್ಕೆ ಮಾತ್ರ ಸ್ಲೋ ಮೋಷನ್ ಬೇಕೇ ಬೇಕು, 240 ಫ್ರೇಮ್. ಫೋನನ್ನು ನೆಲದ ಮಟ್ಟದಲ್ಲಿ 2 ಮೀ. ದೂರ ಇಟ್ಟು ಪಾದ ಮಾತ್ರ ಹಿಡಿಯಿರಿ. ಮುಖ ಬರಲ್ಲ, ಅದೂ ಒಳ್ಳೆಯದೇ. ಬೆರಳು ನೆಲ ಬಿಟ್ಟಲ್ಲಿಂದ ಮತ್ತೆ ಮುಟ್ಟುವವರೆಗಿನ ಫ್ರೇಮ್ ಎಣಿಸಿ 240ರಿಂದ ಭಾಗಿಸಿ. ಬಂದ ಸೆಕೆಂಡಿನ ವರ್ಗವನ್ನು 122.6ರಿಂದ ಗುಣಿಸಿದರೆ ಎತ್ತರ ಸೆಂ.ಮೀ.ನಲ್ಲಿ. 120 ಫ್ರೇಮ್ = 0.5 ಸೆಕೆಂಡ್ = 30.7 ಸೆಂ.ಮೀ. ಒಂದು ಫ್ರೇಮ್ ತಪ್ಪಿದರೆ ಅರ್ಧ ಸೆಂ.ಮೀ. ಹೆಚ್ಚುಕಮ್ಮಿ, 30 ಫ್ರೇಮಿನ ವಿಡಿಯೊದಲ್ಲಾದರೆ 4 ಸೆಂ.ಮೀ.

ಮೊಣಕಾಲು ಮಡಚಿ ಇಳಿದರೆ ಪಾದ ತಡವಾಗಿ ನೆಲ ಮುಟ್ಟುತ್ತೆ, ಎತ್ತರ ಸುಳ್ಳೇ ಜಾಸ್ತಿ ಬರುತ್ತೆ. ಕಾಲು ನೆಟ್ಟಗಿಟ್ಟು ಇಳಿಯೋದನ್ನು ಮೊದಲು ಕಲಿಸಿ. ಗ್ಯಾಲರಿ ತೋರಿಸೋ ಸೆಕೆಂಡ್ ನಂಬಬೇಡಿ, ಎಷ್ಟೋ ಫೋನ್‌ಗಳಲ್ಲಿ ಅದು ಎಂಟು ಪಟ್ಟು ಹಿಗ್ಗಿದ ಸಮಯ. ಫೋನ್ ನಿಜವಾಗಿ 240 ಹಿಡಿಯುತ್ತಾ ನೋಡೋಕೆ ಚೆಂಡಿನ ತಳ ನೆಲದಿಂದ 1 ಮೀ. ಮೇಲಿರುವಂತೆ ಹಿಡಿದು ಬಿಡಿ: ನೆಲ ಮುಟ್ಟುವವರೆಗೆ ಸುಮಾರು 108 ಫ್ರೇಮ್ ಬರಬೇಕು. 54 ಬಂದರೆ ಅದು 120ರ ಫೋನು. 108 ಬಂದೂ ಎರಡೆರಡು ಫ್ರೇಮಲ್ಲಿ ಒಂದೇ ಚಿತ್ರ ಇದ್ದರೆ ಅದೂ 120ರದ್ದೇ.

ಪಿಟಿ_ಮೇಷ್ಟ್ರು:
ಇಬ್ಬರಿಗೂ ಧನ್ಯವಾದ. 45 ಜನಕ್ಕೆ ಒಂದು ಪೀರಿಯಡ್ ಸಾಲುತ್ತಾ? ಬಿಸಿಲಿಗೆ ಫೋನ್ ಕಾಯುತ್ತೆ ಬೇರೆ.

ಮೈದಾನ_ಮೇಡಂ:
ನಾಲ್ಕು ಲೇನ್ ಹಾಕಿ, 12 ಓಟದಲ್ಲಿ ಮುಗಿಯುತ್ತೆ. ಪ್ರತಿ ಓಟಕ್ಕೂ ಮುನ್ನ ಸ್ಲೇಟಿನಲ್ಲಿ ಲೇನ್‌ವಾರು ಹಾಜರಿ ಸಂಖ್ಯೆ ಬರೆದು ಕ್ಯಾಮೆರಾಗೆ ತೋರಿಸಲಿ, ಇಲ್ಲದಿದ್ದರೆ ಸಂಜೆ ಯಾರು ಯಾರೆಂದೇ ತಿಳಿಯಲ್ಲ. ಉಳಿದವರು ಅಷ್ಟರಲ್ಲಿ ಅದೇ ಪರೀಕ್ಷೆಯ ಕರ್ಲ್ ಅಪ್ (ಮಲಗಿ ಮೇಲೇಳೋದು), ಸಿಟ್ ಅಂಡ್ ರೀಚ್ (ಕೂತು ಮುಂದಕ್ಕೆ ಕೈ ಚಾಚೋದು) ಮಾಡಲಿ. ಸಾಲಾಗಿ ಕೂರಿಸಿದರೆ ಅದು ಪಿಟಿ ಪೀರಿಯಡ್ಡೇ ಅಲ್ಲ.

ಫೋನ್ ಫ್ಲೈಟ್ ಮೋಡಿನಲ್ಲಿರಲಿ, ಮೈದಾನದಲ್ಲಿ ಇಲ್ಲದ ನೆಟ್‌ವರ್ಕ್ ಹುಡುಕುತ್ತಾ ಬಿಸಿಯಾಗೋದೂ ಬೇಡ, ಲ್ಯಾಬಿಗೆ ಬಂದ ಮೇಲೆ ಕರೆ ಬಂದು ಕೆಲಸ ಕೆಡಿಸೋದೂ ಬೇಡ. ಸ್ಟ್ಯಾಂಡಿಗೆ ಕೊಡೆ ಕಟ್ಟಿ, ಓಟಗಳ ನಡುವೆ ರೆಕಾರ್ಡಿಂಗ್ ನಿಲ್ಲಿಸಿ. ಮುಖ ಕಾಣೋ ವಿಡಿಯೊಗೆ ಪೋಷಕರ ಲಿಖಿತ ಒಪ್ಪಿಗೆ ತಗೊಳ್ಳಿ. ಫೋಟೋಸ್ ಆ್ಯಪಿನ ಬ್ಯಾಕಪ್ ಮೊದಲೇ ಆಫ್ ಮಾಡಿ, ಅಂಕಿ ಬರೆದುಕೊಂಡ ಮೇಲೆ ಬಿನ್‌ನಿಂದಲೂ ಅಳಿಸಿ. ತರಗತಿಯ ವಾಟ್ಸಾಪ್ ಗುಂಪಿಗಂತೂ ಹಾಕಲೇಬೇಡಿ.

ಅದೇ ಪರೀಕ್ಷೆಯ 600 ಮೀ. ಓಟಕ್ಕೆ ಇದೆಲ್ಲ ಬೇಡ. ಅಲ್ಲಿ 0.3 ಸೆಕೆಂಡಿಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ, ಸ್ಟಾಪ್‌ವಾಚೇ ಸಾಕು.