ಅಡಿಗೆ ಅರ್ಧ ಇಂಚಿನ ತೊಟ್ಟಿ ಮನೆಯನ್ನು ಏನಂತ ಕರೆಯೋಣ?

ನಮಸ್ಕಾರ ಎಲ್ಲರಿಗೂ. ಅಳತೆ ಇಳಿಸಿ ಚಿಕ್ಕದಾಗಿ ಕಟ್ಟಿದ ಮನೆಗೆ ಒಂದು ಪದ ಬೇಕಾಗಿದೆ. ದಸರಾ ಗೊಂಬೆ ಕೂರಿಸುವ ಹೊತ್ತಿಗೆ ಸಿಕ್ಕರೆ ಒಳ್ಳೆಯದು.

ಪಾಂಡವಪುರದ ಕಡೆ ನಮ್ಮ ಅಜ್ಜಿಯ ತೊಟ್ಟಿ ಮನೆ ಇತ್ತು. ಈಗ ಇಲ್ಲ. ಅದನ್ನೇ ಮರ, ರಟ್ಟು, ಜೇಡಿಮಣ್ಣಿನಲ್ಲಿ ಚಿಕ್ಕದಾಗಿ ಕಟ್ಟುತ್ತಿದ್ದೇನೆ, ಇಲ್ಲೇ ಮೈಸೂರಿನ ಮನೆಯಲ್ಲಿ. ಆ ಮನೆ 40 ಅಡಿಗೆ 30 ಅಡಿ. ನನ್ನದು 20 ಇಂಚಿಗೆ 15 ಇಂಚು, ಅಂದರೆ ಅಲ್ಲಿಯ ಒಂದು ಅಡಿಗೆ ಇಲ್ಲಿ ಅರ್ಧ ಇಂಚು. 6 ಅಡಿಯ ಬಾಗಿಲು 3 ಇಂಚಾಗಿದೆ. ಸೂರು ಎತ್ತಿದರೆ ನಡುವೆ ತೊಟ್ಟಿ, ಸುತ್ತ ಕಂಬ, ಪಡಸಾಲೆ, ನಡುಮನೆ, ಅಡುಗೆಮನೆಯ ಒಲೆ, ಒರಳುಕಲ್ಲು ಎಲ್ಲವೂ ಕಾಣುತ್ತವೆ. ಗೋಡೆಯ ದೀಪದ ಗೂಡುಗಳಲ್ಲಿ 3 ಮಿಲಿಮೀಟರಿನ ಎಲ್‌ಇಡಿ ಇಟ್ಟಿದ್ದೇನೆ. ಮೊದಲು ಬಿಳಿಯದು ಹಾಕಿದೆ, ಅಜ್ಜಿ ಮನೆಯಲ್ಲಿ ಟ್ಯೂಬ್‌ಲೈಟ್ ಹಚ್ಚಿದ ಹಾಗಾಯಿತು, ಮನಸ್ಸಿಗೆ ಒಪ್ಪಲಿಲ್ಲ. ಆಮೇಲೆ ಹಳದಿಯದು ತಂದು, 9 ವೋಲ್ಟ್ ಬ್ಯಾಟರಿಗೆ ಜೋಡಿಸಿ, ಒಂದೊಂದಕ್ಕೂ 1000 ಓಮ್ ರೆಸಿಸ್ಟರ್ ಕೊಟ್ಟ ಮೇಲೆ ಬೆಳಕು ತಗ್ಗಿ ಬುಡ್ಡಿ ದೀಪದ ಹಾಗೆ ಕಂಡಿತು. ವೈರೆಲ್ಲ ಜಗುಲಿಯ ಕೆಳಗೆ ಹೋಗಿದೆ.

ಇದರ ಮುಂದೆ ಒಂದು ಚೀಟಿ ಇಡಬೇಕು. ಏನಿದು, ಒಳಗೇನಿದೆ, ದೀಪ ಹೇಗೆ ಅಂತ ಎರಡು ಸಾಲು. ಬರೆಯಲು ಕೂತರೆ ಮೊದಲ ಪದಕ್ಕೇ ಕೈ ನಿಂತಿತು.

"ಮಾದರಿ ಮನೆ" ಅಂದರೆ ಲೇಔಟಿನಲ್ಲಿ ಕೊಳ್ಳುವವರಿಗೆ ತೋರಿಸಲು ಕಟ್ಟಿದ ನಿಜವಾದ ಮನೆ. ಸರ್ಕಾರಿ ಮಾದರಿ ಶಾಲೆ ಕೂಡ ಮಕ್ಕಳು ಓದುವ ದೊಡ್ಡ ಶಾಲೆಯೇ ಅಲ್ವಾ? ತಿರುಗಿಸಿ "ಮನೆಯ ಮಾದರಿ" ಅಂದರೆ ಸ್ವಲ್ಪ ವಾಸಿ, ಆದರೂ ಬರೀ ನಮೂನೆ ಅನ್ನುವ ಅರ್ಥವೇ ಮುಂದೆ ನಿಲ್ಲುತ್ತದೆ. "ಪ್ರತಿಕೃತಿ" ಅಂದ ಕೂಡಲೇ ಪೇಪರಿನಲ್ಲಿ ಬರುವ "ಪ್ರತಿಕೃತಿ ದಹನ" ನೆನಪಾಗುತ್ತದೆ, ಅಜ್ಜಿ ಮನೆಗೆ ಆ ಪದ ಬೇಡವೇ ಬೇಡ. "ಪಡಿಯಚ್ಚು" ನನಗೆ ತುಂಬಾ ಇಷ್ಟದ ಪದ. ಆದರೆ ಮಗ ಅಪ್ಪನ ಪಡಿಯಚ್ಚು ಅಂದಾಗ ಅಲ್ಲಿ ಹೋಲಿಕೆ ಇದೆ, ಅಳತೆ ಇಲ್ಲ. "ಗೊಂಬೆ ಮನೆ" ಅಂತ ನನ್ನ ತಂಗಿ ಹೇಳಿದಳು. ಅರಮನೆಯ ಗೊಂಬೆ ತೊಟ್ಟಿ ನೋಡಿ, ಅದು ಗೊಂಬೆ ಇಡುವ ತೊಟ್ಟಿ, ಚಿಕ್ಕ ತೊಟ್ಟಿ ಅಲ್ಲ. ಹಾಗೇ ಇದೂ ಗೊಂಬೆಗಳ ಮನೆ ಆಗಿಬಿಡುತ್ತದೆ. "ಕಿರುಮನೆ" ಅಂದರೆ ಒಂದು ಕೋಣೆಯ ಮನೆಯೂ ಆಗಬಹುದು.

ಚೀಟಿಯಲ್ಲಿ ಎರಡನೆಯ ತೊಡಕು, ಮನೆಯ ಒಳಭಾಗಕ್ಕೆ ಹೇಳುವ "ಒಳಾಂಗಣ". ಬೇರೆ ಮನೆಗಾದರೆ ಸರಿ. ತೊಟ್ಟಿ ಮನೆಯಲ್ಲಿ ಒಳಗಿನ ಅಂಗಳ ಅಂದರೆ ತೊಟ್ಟಿಯೇ! "ಒಳಾಂಗಣದಲ್ಲಿ ಒಲೆ ಇದೆ" ಅಂತ ಬರೆದರೆ ಮಳೆ ಬೀಳುವ ಜಾಗದಲ್ಲಿ ಒಲೆ ಹೂಡಿದ ಹಾಗೆ. ಅದಕ್ಕೆ "ಮನೆಯೊಳಗು" ಅಂತ ಬರೆದುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದಿ.

ದೀಪದ ವಿಷಯ ಬಗೆಹರಿದಿದೆ. "ದೀಪಾಲಂಕಾರ" ದಸರೆಯ ಅರಮನೆಗೆ ಸರಿ, ಅದು ಹೊರಗಿನ ಸಿಂಗಾರ. ನಾಟಕದ ಕರಪತ್ರದಲ್ಲಿ "ರಂಗಸಜ್ಜಿಕೆ", "ಬೆಳಕು" ಅಂತಷ್ಟೇ ಹಾಕುತ್ತಾರೆ. ನಾನೂ "ಬೆಳಕು" ಅಂತಲೇ ಬರೆಯುತ್ತೇನೆ.

ಕಂಬ ಕಡೆದುಕೊಟ್ಟ ಆಚಾರ್ರನ್ನು ಕೇಳಿದೆ. ಅವರು ಇದಕ್ಕೆ ಹೆಸರೇ ಹೇಳಲಿಲ್ಲ, "ಅಡಿಗೆ ಅರ್ಧ ಇಂಚಿನ ಮನೆ" ಅಂದರು. 24ರಲ್ಲಿ 1 ಪಾಲು ಅನ್ನುವ ಲೆಕ್ಕ ಪೂರ್ತಿ ಅದರೊಳಗಿದೆ. ಸದ್ಯಕ್ಕೆ ಚೀಟಿಯಲ್ಲಿ ಅದೇ ಇದೆ. ಆದರೆ ನಾಳೆ ಅಡಿಗೆ ಕಾಲು ಇಂಚಿನ ಗುಡಿ ಕಟ್ಟಿದರೆ? ಎರಡಕ್ಕೂ ಒಪ್ಪುವ ಒಂದು ಹೆಸರು ಬೇಕಲ್ಲ. "ಅಳತೆಗೊಂಬೆ" ಅಂದರೆ ಹೇಗೆ? ನಿಮ್ಮ ಊರಿನ ಆಚಾರ್ರು ತೇರನ್ನೋ ಗುಡಿಯನ್ನೋ ಕಟ್ಟುವ ಮುಂಚೆ ಅಳತೆ ಇಳಿಸಿ ಚಿಕ್ಕದೊಂದು ಮಾಡಿ ತೋರಿಸಿದ್ದನ್ನು ನೋಡಿದವರಿದ್ದರೆ, ಅದಕ್ಕೆ ಅವರು ಬಾಯಲ್ಲಿ ಏನನ್ನುತ್ತಿದ್ದರು ಅಂತ ದಯವಿಟ್ಟು ಬರೆಯಿರಿ.